ಬಿಟ್ಟುಹೋದವನಿಗೆ ಖಾನೆ ಇಲ್ಲ

ನಮ್ಮಪ್ಪ ಸತ್ತಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾನೆ, ಇನ್ನೊಂದು ಸಂಸಾರ ಹೂಡಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ನಾವು ಬಿ.ಎ. ಸೇರಿದ ವರ್ಷ ವಿದ್ಯಾರ್ಥಿವೇತನಕ್ಕೆಂದು ಆದಾಯ ಪತ್ರ ಮಾಡಿಸಲು ಹೋದಾಗ ಗುಮಾಸ್ತರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, 'ತಂದೆ ತೀರಿಕೊಂಡವ್ರೆ ಅಂತ ಒಂದು ಮರಣ ಪತ್ರ ಹೊಂದಿಸ್ಕೊಂಡು ಬನ್ನಿ, ಸಲೀಸಾಗ್ತದೆ' ಅಂದರು.

ಆಗ ಕೇಂದ್ರದ ಯೋಜನೆಯಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗೆ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಅಪ್ಪನ ಸಂಬಳ ಸೇರಿಸಿದರೆ ನಾವು ಮಿತಿ ದಾಟಿದ ಸಾಹುಕಾರರು. ಆ ಸಂಬಳದ ಒಂದು ರೂಪಾಯಿಯೂ ನಮ್ಮ ಕೇರಿಗೆ ಬಂದದ್ದಿಲ್ಲ. ತಂದೆತಾಯಿಗಳಲ್ಲಿ ಒಬ್ಬರು ಬದುಕಿದ್ದರೂ ತಂದೆತಾಯಿಗಳ ಆದಾಯವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬ ಮಾತು ಆ ನಿಯಮಗಳಲ್ಲಿ ಬಹುಕಾಲದಿಂದ ಇತ್ತು. ಬದುಕಿರುವುದು, ಸತ್ತಿರುವುದು ಎರಡೇ ಅದಕ್ಕೆ ಗೊತ್ತು.

ಅವ್ವನಿಗೆ ಹೇಳಿದೆವು. ಕಳೆ ಕೀಳುತ್ತಿದ್ದವಳು ಎದ್ದು ನಿಂತಳು. 'ಇರೋನ್ನ ನಾ ಯಾಕ್ಲಾ ಸಾಯಿಸ್ಲಿ? ಬುಟ್ಟೋದ ಅಂತ ಬರಿ. ಅದ್ಕೊಂದು ಖಾನೆ ಇಲ್ವಾ?'

ಇರಲಿಲ್ಲ. ಬೇರೆಯಾಗಿದ್ದರೆ ಕೋರ್ಟಿನ ಡಿಕ್ರಿ ತನ್ನಿ ಎಂದರು. ನಮ್ಮಲ್ಲಿ ಗಂಡಹೆಂಡಿರು ಬಿಡುವುದು ಕೋರ್ಟಿನಲ್ಲಲ್ಲ, ಕುಲದ ಯಜಮಾನರ ಮುಂದೆ. ಮೇಲುಜಾತಿಯ ಹೆಣ್ಣು ಗಂಡನ ಮನೆಯಿಂದ ಆಚೆ ಬರಲಾರದ ಕಾಲದಲ್ಲೂ ನಮ್ಮ ಹೆಣ್ಣುಗಳಿಗೆ ಬಿಡುಗಡೆಯೂ ಕೂಡಾವಳಿಯೂ ಇತ್ತು. (ನಮ್ಮ ಯಜಮಾನರೇನು ದೇವರಲ್ಲ. ಹೆಣ್ಣಿನ ಮಾತು ಕೇಳದೆ ಎದ್ದವರೂ ಉಂಟು.) 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯ ಬಿಡುಗಡೆಯನ್ನು ಹಾಗೇ ಉಳಿಸಿದೆ. ಕಾನೂನು ಒಪ್ಪಿದ್ದನ್ನು ಮೇಜಿನ ಆಚೆ ಕೂತವನು ಒಪ್ಪುವುದಿಲ್ಲ, ಕಾಗದ ಕೇಳುತ್ತಾನೆ. ಕಾಗದಕ್ಕೆ ವಕೀಲ ಬೇಕು, ವಕೀಲನಿಗೆ ಅವ್ವನ ಎಷ್ಟು ದಿನದ ಕೂಲಿ ಬೇಕು?

ಹಾಗಾದರೆ ಸುಳ್ಳು ಹೇಳಬಾರದೇ? ಪೇಟೆಯಲ್ಲಿ ಬಾಡಿಗೆ ರೂಮಿಗಾಗಿ ಜಾತಿ ಮುಚ್ಚಿಟ್ಟವರು ನಾವು. ಆ ಸುಳ್ಳಿಗೆ ನಾವು ನಾಚುವುದಿಲ್ಲ, ಕೇಳಿದವರು ನಾಚಬೇಕು. ಆದರೆ ಈ ಸುಳ್ಳು ಬೇರೆ ಥರದ್ದು. ಅದು ನಮ್ಮನ್ನು ಕಾಯುವುದಕ್ಕಿಂತ ಅಪ್ಪನನ್ನು ಕಾಯುತ್ತದೆ. ಸತ್ತವನು ಯಾರಿಗೂ ಬಾಕಿದಾರನಲ್ಲ. ಅವ್ವ ಹತ್ತು ವರ್ಷ ಒಬ್ಬಳೇ ಹೊತ್ತದ್ದು ವಿಧಿಯ ಆಟವಾಗಿಬಿಡುತ್ತದೆ, ಒಬ್ಬ ಗಂಡಸು ಮಾಡಿದ ಕೆಲಸವಾಗಿ ಉಳಿಯುವುದಿಲ್ಲ.

ಮೆಟ್ರಿಕ್ ನಂತರದ ಈ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ. ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಡಹೊರಟ ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದಕ್ಕಾಗಿಯೂ ಅವರು 1951ರಲ್ಲಿ ಮಂತ್ರಿ ಪದವಿ ಬಿಟ್ಟು ಹೊರಬಂದರು. ಮಗು ಓದಬೇಕು, ಹೆಣ್ಣು ಬೇಡವಾದ ಮನೆ ಬಿಡಬಹುದು, ಎರಡೂ ಒಬ್ಬನೇ ಮನುಷ್ಯನ ಹೋರಾಟ. ಇವತ್ತು ಆ ಎರಡನ್ನೂ ಒಂದೇ ಅರ್ಜಿಯಲ್ಲಿ ಎದುರುಬದುರು ನಿಲ್ಲಿಸಿದ್ದಾರೆ. ಮಗು ಓದಬೇಕಾದರೆ ತಾಯಿ ಗಂಡನ ಜೊತೆಗಿರಬೇಕು, ಇಲ್ಲವೇ ವಿಧವೆಯಾಗಬೇಕು.

ಅರ್ಜಿ ತುಂಬಿಸುವ ಮೇಷ್ಟ್ರುಗಳಲ್ಲಿ ನಮ್ಮ ಮನವಿ ಇಷ್ಟೆ. ಅಪ್ಪನ ಹೆಸರು ಕೇಳುವ ಮುನ್ನ ಅನ್ನ ಹಾಕುವವರು ಯಾರು ಅಂತ ಕೇಳಿ. ಅವರ ಆದಾಯವೇ ಆದಾಯವಾಗಲಿ, ಬಿಟ್ಟುಹೋದದ್ದಕ್ಕೆ ಊರಿನವರ ಎದುರಿನ ಮಹಜರು ಸಾಕಾಗಲಿ ಅಂತ ನಮ್ಮ ಜೊತೆ ನಿಂತು ಕೇಳಿ.

ನಾವು ನಿಜ ಬರೆದೆವು. ಅರ್ಜಿ ವಾಪಸು ಬಂತು. ಆ ವರ್ಷದ ಫೀಸಿಗೆ ಅವ್ವ ಎರಡು ಮೇಕೆ ಮಾರಿದಳು. ನಮ್ಮಂಥದೇ ಮನೆಯ ಗೆಳೆಯನೊಬ್ಬ ಮರಣ ಪತ್ರ ತಂದುಕೊಟ್ಟ, ದುಡ್ಡು ಬಂತು, ಓದು ಮುಗಿಸಿ ಈಗ ಮೇಷ್ಟ್ರಾಗಿದ್ದಾನೆ. ಅವನು ಮಾಡಿದ್ದು ತಪ್ಪು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹೋದ ವರ್ಷ ಅವನ ಮದುವೆಗೆ ಹೋಗಿದ್ದೆವು. ಆ ಸತ್ತ ಅಪ್ಪ ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ಗೆಳೆಯನ ತಾಯಿ ಅಡಿಗೆಯ ಚಪ್ಪರದಿಂದ ಈಚೆಗೆ ಬರಲಿಲ್ಲ.