ರಸತ್ಯಾಗವೂ ರಕ್ತದೊತ್ತಡವೂ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರು ಬಾಹ್ಯ ತಪಗಳನ್ನು ಹೇಳುತ್ತ ರಸಪರಿತ್ಯಾಗಕ್ಕೆ ನಾಲ್ಕನೆಯ ಸ್ಥಾನವನ್ನು ಕೊಟ್ಟಿದ್ದಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ಈ ತಪ. ಭಾನುವಾರ ಉಪ್ಪು ಬಿಡುವ ನಿಯಮವನ್ನು ಪಾಲಿಸುವ ಶ್ರಾವಕ ಶ್ರಾವಿಕೆಯರು ಇಂದಿಗೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1946ರಲ್ಲಿ ಜನಿಸಿ, 2024ರ ಫೆಬ್ರವರಿಯಲ್ಲಿ ಡೋಂಗರ್‌ಗಢದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು ಉಪ್ಪು ಸಕ್ಕರೆಗಳೆರಡನ್ನೂ ತ್ಯಜಿಸಿದ್ದರೆಂಬುದನ್ನು ಸಮಾಜವೆಲ್ಲ ಬಲ್ಲದು. ಮುನಿಗಳ ಆಹಾರಕ್ಕೆ ಚೌಕ ಹಾಕುವ ಶ್ರಾವಿಕೆ, ಮಹಾರಾಜರಿಗೆ ಯಾವ ರಸದ ತ್ಯಾಗವಿದೆಯೆಂದು ಮೊದಲೇ ವಿಚಾರಿಸಿಕೊಂಡು, ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ರೊಟ್ಟಿಯನ್ನು ಬೇರೆ ಪಾತ್ರೆಯಲ್ಲಿ ಸಿದ್ಧಪಡಿಸುತ್ತಾಳೆ. ಒಂದು ಕಣವೂ ಬೀಳದಂತೆ ಅವಳು ವಹಿಸುವ ಎಚ್ಚರವನ್ನು ಕಂಡವರು ಮರೆಯಲಾರರು.

ಅದೇ ಮನೆಯ ಅಜ್ಜನಿಗೆ ಬಿ.ಪಿ. ಹೆಚ್ಚಿದೆ, ಉಪ್ಪು ಕಡಿಮೆ ಮಾಡಬೇಕು ಎಂದು ವೈದ್ಯರು ಹೇಳಿದಾಗ ಈ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಒಬ್ಬರಿಗಾಗಿ ಬೇರೆ ಸಾರು ಮಾಡುವುದು ಹೇಗೆ ಎಂಬ ಗೊಣಗಾಟವಿರುತ್ತದೆ. ಮನೆಯವರೆಲ್ಲ ಸಪ್ಪೆ ಉಣ್ಣಬೇಕೇ ಎಂಬ ಆಕ್ಷೇಪವೂ ಇರುತ್ತದೆ. ಅಜ್ಜನ ತಮ್ಮನಂತೂ, "ನಾನೂ ಅಣ್ಣನಷ್ಟೇ ಉಪ್ಪು ತಿನ್ನುತ್ತೇನೆ, ನನಗೇನೂ ಆಗಿಲ್ಲವಲ್ಲ" ಎಂದುಬಿಡುತ್ತಾರೆ. ಈ ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ. ಅದರಿಂದಲೇ ಅದು ಅಪಾಯಕರ.

ಒಂದೇ ಪ್ರಮಾಣದ ಉಪ್ಪು ಎಲ್ಲ ದೇಹಗಳಲ್ಲಿಯೂ ಒಂದೇ ಪರಿಣಾಮವನ್ನು ಮಾಡುವುದಿಲ್ಲ. 1978ರಲ್ಲಿ ಕವಾಸಾಕಿ ಮತ್ತು ಸಂಗಡಿಗರು ಅಧಿಕ ರಕ್ತದೊತ್ತಡವಿದ್ದ 19 ಮಂದಿಗೆ ಮೊದಲು ಉಪ್ಪು ಅತ್ಯಲ್ಪವಾದ, ಅನಂತರ ಉಪ್ಪು ಹೆಚ್ಚಾದ ಆಹಾರವನ್ನು ಕೊಟ್ಟು ನೋಡಿದರು. ಕೆಲವರ ಒತ್ತಡ ಸ್ಪಷ್ಟವಾಗಿ ಏರಿತು, ಉಳಿದವರದು ಹೆಚ್ಚು ಕದಲಲಿಲ್ಲ. 1986ರಲ್ಲಿ ಅಮೆರಿಕದ ಇಂಡಿಯಾನಾದ ವೈನ್‌ಬರ್ಗರ್ ಮೊದಲಾದವರ ಪರೀಕ್ಷೆಯಲ್ಲಿ ಅಧಿಕ ಒತ್ತಡವುಳ್ಳವರಲ್ಲಿ ಶೇಕಡಾ 51, ಸಹಜ ಒತ್ತಡವುಳ್ಳವರಲ್ಲಿ ಶೇಕಡಾ 26 ಜನರ ದೇಹ ಉಪ್ಪಿಗೆ ಮಣಿಯುವಂಥದೆಂದು ಕಂಡಿತು. ಇದರ ಬಹುಪಾಲು ಗುಟ್ಟು ಮೂತ್ರಪಿಂಡಗಳಲ್ಲಿದೆ. ತಿಂದ ಉಪ್ಪಿನ ಹೆಚ್ಚಳವನ್ನು ಕೆಲವರ ಮೂತ್ರಪಿಂಡಗಳು ಸುಲಭವಾಗಿ ಹೊರಹಾಕುತ್ತವೆ. ಇನ್ನು ಕೆಲವರಲ್ಲಿ ಅಷ್ಟೇ ಉಪ್ಪನ್ನು ಹೊರತಳ್ಳಲು ರಕ್ತದ ಒತ್ತಡವೇ ಏರಬೇಕಾಗುತ್ತದೆ. ವಯಸ್ಸು ಕಳೆದಂತೆ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ದೋಷ ಬಂದಂತೆ, ಈ ಎರಡನೆಯ ಸ್ವಭಾವ ಹೆಚ್ಚುತ್ತದೆ. ಆದುದರಿಂದ ಇಂದು ಏನೂ ಆಗದ ತಮ್ಮನ ದೇಹ ಹತ್ತು ವರ್ಷಗಳ ಅನಂತರ ಅಣ್ಣನ ದೇಹದಂತಾಗಬಹುದು. ಇದನ್ನು ಒಂದು ರಕ್ತಪರೀಕ್ಷೆಯಿಂದ ಹೇಳಿಬಿಡುವ ವಿಧಾನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಾಗಲಿ ರಾಜಧಾನಿಯ ದೊಡ್ಡ ಆಸ್ಪತ್ರೆಗಳಲ್ಲಾಗಲಿ ಇಲ್ಲ. ತನ್ನ ದೇಹ ಯಾವ ಬಗೆಯದೆಂಬುದು ಉಣ್ಣುವವನಿಗೂ ತಿಳಿಯದು, ಬಡಿಸುವವಳಿಗೂ ತಿಳಿಯದು.

ಹಾಗೆಂದು ಎಲ್ಲರಿಗೂ ಉಪ್ಪನ್ನು ನಿಷೇಧಿಸಿಬಿಡುವುದೂ ಸಲ್ಲದು. ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ ಆ ಹಳೆಯ ಹೆಸರಿಗೆ ಹೊಸ ಅರ್ಥವೇ ಬಂದಂತಾಯಿತೆನ್ನಬಹುದು. ಕುಲುಮೆಯ ಎದುರು ನಿಂತು ದುಡಿಯುವವನ ಬೆವರಿನೊಂದಿಗೆ ಉಪ್ಪೂ ಹರಿದುಹೋಗುತ್ತದೆ. ಅದೇ 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಬಿಸಿಯಲ್ಲಿ ಬೆವರಿ ಬರಿಯ ನೀರನ್ನಷ್ಟೇ ಕುಡಿಯುತ್ತಿದ್ದ ಕಾರ್ಮಿಕರಿಗೆ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದುದನ್ನೂ, ನೀರಿಗೆ ತುಸು ಉಪ್ಪು ಬೆರೆಸಿದಾಗ ಅದು ಶಮನವಾದುದನ್ನೂ ವಿಜ್ಞಾನಿಗಳು ಗುರುತಿಸಿದರು. ಕುಲುಮೆಯವನಿಗೆ ಹಿತವಾದ ಉಪ್ಪುಮಜ್ಜಿಗೆ, ದಿನವಿಡೀ ಗಾಂಧಿ ಬಜಾರಿನ ಅಂಗಡಿಯ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವವನಿಗೆ ಬೇಕಾಗಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸೇವಿಸುವ ವೃದ್ಧರಲ್ಲಿ ಸೋಡಿಯಂ ಅತಿಯಾಗಿ ಇಳಿದು ಬುದ್ಧಿ ಮಂಕಾಗುವುದೂ ಉಂಟು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ ಆಚಾರ್ಯರು 'ಶಕ್ತಿತಃ' ಎಂಬ ಪದವನ್ನು ಸೇರಿಸಿದ್ದು ವ್ಯರ್ಥವಾಗಿ ಅಲ್ಲ.

ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ಈ ಪ್ರಶ್ನೆಗೆ ಇನ್ನೂ ಸಮೀಪ ಬರುತ್ತದೆ. ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ, ಜೀವಹಿಂಸೆಯ ಕಾರಣದಿಂದ ಬಿಡಬೇಕಾದ ಪದಾರ್ಥಗಳ ಜೊತೆಗೆ 'ಅನಿಷ್ಟ'ವಾದುದನ್ನೂ ಬಿಡಬೇಕೆಂದು ಅವರು ಹೇಳುತ್ತಾರೆ. ಅನಿಷ್ಟವೆಂದರೆ ಪದಾರ್ಥ ಶುದ್ಧವಾಗಿದ್ದರೂ ಸೇವಿಸುವವನ ಪ್ರಕೃತಿಗೆ ಒಗ್ಗದುದು. ಕಂದಮೂಲ ಎಲ್ಲ ಶ್ರಾವಕರಿಗೂ ಅಭಕ್ಷ್ಯ. ಅನಿಷ್ಟ ಮಾತ್ರ ಒಬ್ಬೊಬ್ಬನಿಗೆ ಒಂದೊಂದು. ವೈದ್ಯರ ಮಾತಿನಂತೆ ಉಪ್ಪು ಬಿಡುವವನು ಭಯದಿಂದ ಬಿಡುತ್ತಾನೆ, ಅದು ತಪವಲ್ಲ ಎಂದು ವಾದಿಸುವವರಿದ್ದಾರೆ. ತಪವಲ್ಲದಿರಬಹುದು. ಆದರೆ ಅನಿಷ್ಟವನ್ನು ಅರಿತು ಬಿಡುವುದು ಶ್ರಾವಕನ ವ್ರತದ ಪರಿಧಿಯೊಳಗೇ ಇದೆ ಎಂದಾದ ಮೇಲೆ, ಅದಕ್ಕೆ ನೆರವಾಗುವುದನ್ನು ಅಡಿಗೆಮನೆಯ ತೊಂದರೆಯೆಂದು ಎಣಿಸುವುದು ಹೇಗೆ ಸರಿ? ಪ್ರಮಾದದಿಂದ ಪ್ರಾಣಕ್ಕೆ ಬಾಧೆ ತರುವುದೇ ಹಿಂಸೆಯೆಂಬ ಲಕ್ಷಣವನ್ನು ನೀರು ಸೋಸುವಾಗ ನೆನೆಯುವ ಸಮಾಜ, ಸಾರಿಗೆ ಉಪ್ಪು ಹಾಕುವಾಗ ಅದನ್ನು ಮರೆಯಬೇಕಾಗಿಲ್ಲ.

ಹಾಗಾದರೆ ನೂರು ಜನ ಒಟ್ಟಿಗೆ ಉಣ್ಣುವಲ್ಲಿ, ದಶಲಕ್ಷಣ ಪರ್ವದ ಪಾರಣೆಯಲ್ಲಿ ಅಥವಾ ಬಸದಿಯ ವಾರ್ಷಿಕೋತ್ಸವದಲ್ಲಿ, ಉಪ್ಪಿನ ಅಳತೆ ಯಾರ ದೇಹಕ್ಕೆ ತಕ್ಕಂತಿರಬೇಕು? ಕಡಿಮೆ ಹಾಕಿದ ಉಪ್ಪನ್ನು ಎಲೆಯಲ್ಲಿ ಸೇರಿಸಿಕೊಳ್ಳಬಹುದು, ಹೆಚ್ಚು ಹಾಕಿದುದನ್ನು ಯಾರೂ ಹೊರತೆಗೆಯಲಾರರು. ಆದುದರಿಂದ ಉಪ್ಪಿಗೆ ಹೆಚ್ಚು ಮಣಿಯುವವನನ್ನು ಮನಸ್ಸಿನಲ್ಲಿಟ್ಟು ಅಡಿಗೆ ಮಾಡುವುದೇ ನ್ಯಾಯ. ಹಸಿ ಉಪ್ಪು ಪೃಥ್ವೀಕಾಯದ ಸಚಿತ್ತ ವಸ್ತುವಲ್ಲವೇ, ಮೇಲಿನಿಂದ ಹಾಕಿಕೊಳ್ಳಬಹುದೇ ಎಂಬ ಸಂದೇಹ ವ್ರತಿಗಳಿಗೆ ಬರುವುದು ಸಹಜ. ಹುರಿದ ಉಪ್ಪನ್ನು ಬಟ್ಟಲಿನಲ್ಲಿಟ್ಟರೆ ಅದು ತೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕೆನ್ನುತ್ತದೆ. ಭಾರತೀಯರ ಸರಾಸರಿ ಸೇವನೆ 8 ಗ್ರಾಂ ಅಥವಾ ಅದಕ್ಕೂ ಹೆಚ್ಚು ಎಂದು ಅಂದಾಜುಗಳು ಹೇಳುತ್ತವೆ.

ಆಚಾರವಂತ ಮನೆಗಳಲ್ಲಿಯೂ ಉಪ್ಪು ನುಸುಳುವ ದಾರಿಗಳಿವೆ. ಒಂದು ದಿನ ಮೀರಿದ ಉಪ್ಪಿನಕಾಯಿ ವರ್ಜ್ಯವೆಂಬ ನಿಯಮವನ್ನು ಪಾಲಿಸಿದವರಿಗೆ, ಮಲೆನಾಡಿನ ಮಿಡಿಮಾವಿನ ಜಾಡಿಯೊಳಗಿನ ಉಪ್ಪು ತಾನಾಗಿಯೇ ತಪ್ಪುತ್ತದೆ. ಎಷ್ಟು ಮನೆಗಳು ಪಾಲಿಸುತ್ತವೆಂಬುದು ಬೇರೆ ಮಾತು. ಇನ್ನೊಂದೆಡೆ ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ತರಕಾರಿಯನ್ನು ಬಿಡುವ ಕುಟುಂಬಗಳಲ್ಲಿ ಆ ಸ್ಥಾನಕ್ಕೆ ಹಪ್ಪಳ ಸಂಡಿಗೆಗಳು ಬರುತ್ತವೆ. ತರಕಾರಿಯಲ್ಲಿರುವ ಪೊಟ್ಯಾಸಿಯಂ ಉಪ್ಪಿನ ಪರಿಣಾಮವನ್ನು ತಗ್ಗಿಸುವಂಥದು. ಅದು ಇಳಿದು, ಉಪ್ಪು ಏರುತ್ತದೆ. ವ್ರತದ ದಿನವೇ ದೇಹದ ಮೇಲಿನ ಭಾರ ಹೆಚ್ಚಿದಂತಾಯಿತು. ಆ ದಿನಗಳಲ್ಲಿ ಹಪ್ಪಳಕ್ಕೆ ಬದಲಾಗಿ ಸಾದಾ ಹೆಸರುಬೇಳೆಯ ತೊವ್ವೆ ಮಾಡಿದರೆ ವ್ರತಕ್ಕೂ ಭಂಗವಿಲ್ಲ. ಸೈಂಧವ ಲವಣ ನಿರಪಾಯವೆಂಬ ನಂಬಿಕೆಯೂ ಆಧಾರವಿಲ್ಲದ್ದು: ಅದೂ ಬಹುತೇಕ ಸೋಡಿಯಂ ಕ್ಲೋರೈಡೇ. ಕಾಲುಭಾಗ ಪೊಟ್ಯಾಸಿಯಂ ಲವಣ ಬೆರೆಸಿದ ಉಪ್ಪನ್ನು ಬಳಸಿದ ಚೀನಾದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾದುದು 2021ರಲ್ಲಿ ಪ್ರಕಟವಾಯಿತು. ಆದರೆ ಮೂತ್ರಪಿಂಡದ ರೋಗವಿರುವವರಿಗೆ ಅದು ಅಪಾಯಕರವಾಗಬಲ್ಲದು, ವೈದ್ಯರನ್ನು ಕೇಳದೆ ಬಳಸಕೂಡದು.

ಬಸದಿಗಳ ಧರ್ಮದರ್ಶಿಗಳಿಗೆ ಇದರಲ್ಲಿ ದೊಡ್ಡ ಖರ್ಚೇನೂ ಇಲ್ಲ. ಬೇಳೆ ಬೆಂದ ಮೇಲೆ, ಉಪ್ಪು ಹಾಕುವ ಮುನ್ನ, ಒಂದು ಪಾತ್ರೆಯಷ್ಟನ್ನು ಬೇರೆ ತೆಗೆದಿಡುವಂತೆ ಅಡಿಗೆಯವರಿಗೆ ಹೇಳಿ, ಬೇಕಾದವರು ಮುಜುಗರವಿಲ್ಲದೆ ಕೇಳಿ ಬಡಿಸಿಕೊಳ್ಳುವಂತೆ ಅದನ್ನು ಪಂಕ್ತಿಯ ಮೊದಲಲ್ಲೇ ಇರಿಸಬಹುದು. ಚೌಕ ಹಾಕಿ ಬಲ್ಲ ಶ್ರಾವಿಕೆಯರಿಗೆ ಈ ಕೆಲಸವನ್ನು ಯಾರೂ ಕಲಿಸಬೇಕಾಗಿಲ್ಲ.