ನಿಕ್ಷೇಪವಿವೇಕವೂ ಮನೆಯ ಕೋವಿಯೂ

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಸುತ್ತಲೂ, ಅಲ್ಲಿಂದ ಹೊಸನಗರ, ಸಾಗರಗಳವರೆಗೂ ಹಬ್ಬಿರುವ ಮಲೆನಾಡಿನಲ್ಲಿ ಊರೆಂದರೆ ಒತ್ತೊತ್ತಾದ ಬೀದಿಯಲ್ಲ. ಒಂದು ಅಡಕೆ ತೋಟ, ಅದರ ನೆತ್ತಿಗೆ ಒಂದು ಮನೆ, ಆಚೆ ಗದ್ದೆಯ ಬಯಲು ಅಥವಾ ಒಂದು ಹಾಡ್ಯ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ ಮತ್ತೊಂದು ಮನೆ. ಇಂತಹ ಒಂಟಿ ಮನೆಗಳಲ್ಲಿ ಜಗಲಿಯ ಗೋಡೆಗೆ ಕೋವಿಯೊಂದು ತೂಗಿರುವುದು ಹಳೆಯ ರೂಢಿ. ಸರಕಾರ ಅದಕ್ಕೆ ಪರವಾನಗಿ ಕೊಟ್ಟದ್ದು ಬಹುಮಟ್ಟಿಗೆ ಬೆಳೆಯ ರಕ್ಷಣೆಗೆಂದು. ಹಂದಿ, ಮಂಗಗಳನ್ನು ಬೆದರಿಸಲು ಬಂದ ಆಯುಧ ಅದು.

ಆದರೆ ಈಚಿನ ದಶಕಗಳಲ್ಲಿ ಆ ಕೋವಿಯ ಉದ್ದೇಶವೂ ಅದರ ಸ್ಥಾನವೂ ಮೆಲ್ಲನೆ ಬದಲಾಗುತ್ತಿವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಉಳಿದವರು ವೃದ್ಧ ದಂಪತಿಗಳು. ಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ ಮೂಟೆ ಕಟ್ಟಿದ ಅಡಕೆಗೆ ಈಚಿನ ವರ್ಷಗಳಲ್ಲಿ ಕ್ವಿಂಟಾಲಿಗೆ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನ ಬೆಲೆ. ಅಷ್ಟು ಹಣ ಅಟ್ಟದ ಮೇಲೆ ಮಲಗಿರುವಾಗ ಕೆಳಗಿನವರಿಗೆ ನಿದ್ದೆ ಬಾರದಿರುವುದು ಸಹಜ. ಜಗಲಿಯಲ್ಲಿದ್ದ ಕೋವಿ ಮಲಗುವ ಕೋಣೆಗೆ ಬರುತ್ತದೆ. ಬೀರುವಿನಲ್ಲಿದ್ದ ತೋಟಾ ದಿಂಬಿನ ಬಳಿಗೆ ಬರುತ್ತದೆ. ಶ್ರಾವಕನಾದವನು ಇದನ್ನು ಹೇಗೆ ವಿಚಾರ ಮಾಡಬೇಕು?

ಅಹಿಂಸಾ ಧರ್ಮದವನಿಗೆ ಆಯುಧವೇ ಸಲ್ಲದೆಂದು ಹೇಳಿ ಪ್ರಶ್ನೆಯನ್ನು ಮುಗಿಸುವವರಿದ್ದಾರೆ. ಅದು ಸುಲಭವಾದ ಉತ್ತರ, ಪರಂಪರೆಗೆ ಒಪ್ಪುವ ಉತ್ತರವಲ್ಲ. ಆದಿನಾಥನು ಲೋಕಕ್ಕೆ ಕಲಿಸಿದ ಆರು ಜೀವನೋಪಾಯಗಳಲ್ಲಿ ಮೊದಲನೆಯದು ಅಸಿ, ಎಂದರೆ ಖಡ್ಗ. ಹೊಂಬುಜವನ್ನಾಳಿದ ಸಾಂತರರು ಜಿನಭಕ್ತರೂ ಹೌದು, ಕತ್ತಿ ಹಿಡಿದವರೂ ಹೌದು. ಅವರ ರಾಜಧಾನಿಯಲ್ಲಿ 1077ರಲ್ಲಿ ಚಟ್ಟಲದೇವಿಯು ಎತ್ತಿಸಿದ ಪಂಚಕೂಟ ಬಸದಿ ಇಂದಿಗೂ ನಿಂತಿದೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದವರು ಅಣುವ್ರತಿಗೆ ಸರ್ವಥಾ ನಿಷೇಧಿಸಿದ್ದು ಸಂಕಲ್ಪಹಿಂಸೆಯನ್ನು ಮಾತ್ರ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ದೋಷವೇ ಆದರೂ ಗೃಹಸ್ಥಾಶ್ರಮದಲ್ಲಿ ಅನಿವಾರ್ಯವೆಂದು ಒಪ್ಪಿದರು. ರಾಜ್ಯದ ಕಾನೂನೂ ಸುಮಾರಾಗಿ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಪ್ರಾಣ, ಸ್ವತ್ತುಗಳ ರಕ್ಷಣೆಯ ಹಕ್ಕನ್ನು ಕೊಡುತ್ತವೆ; ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನು ಕೊಡುವುದಿಲ್ಲ.

ಆದ್ದರಿಂದ ಕೋವಿಯನ್ನು ಇಟ್ಟುಕೊಳ್ಳಬಹುದೇ ಎಂಬುದು ಬೇಗ ತೀರುವ ಪ್ರಶ್ನೆ. ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದು ತೀರದ ಪ್ರಶ್ನೆ. ಮೇಲುನೋಟಕ್ಕೆ ಇದು ಬಡಗಿಯನ್ನೋ ಬೀಗದವನನ್ನೋ ಕೇಳಬೇಕಾದ ಮಾತಿನಂತೆ ಕಾಣುತ್ತದೆ. ಆದರೆ ವಸ್ತುವನ್ನು ಇಡುವ ಕ್ರಿಯೆಯನ್ನೇ ಧರ್ಮದ ವಿಷಯವಾಗಿ ವಿಚಾರಿಸಿದ ಶಾಸ್ತ್ರ ಜೈನರಲ್ಲಿದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮದ ಆಸ್ರವಕ್ಕೆ ಆಶ್ರಯವಾಗುವ ಅಜೀವ ಅಧಿಕರಣಗಳನ್ನು ಎಣಿಸುವಾಗ ನಿಕ್ಷೇಪವನ್ನು, ಎಂದರೆ ಇಡುವಿಕೆಯನ್ನು, ಒಂದಾಗಿ ಹೆಸರಿಸುತ್ತದೆ. ವ್ಯಾಖ್ಯಾನಕಾರರು ಅದರ ನಾಲ್ಕು ಬಗೆಗಳನ್ನು ಹೇಳುತ್ತಾರೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ ನಿಕ್ಷೇಪ. ಸರಿಯಾಗಿ ಶುದ್ಧಿ ಮಾಡದೆಡೆಯಲ್ಲಿ ಇಡುವುದು ದುಷ್ಪ್ರಮೃಷ್ಟ. ಆತುರದಿಂದ ಇಡುವುದು ಸಹಸಾ. ಗಮನವಿಲ್ಲದೆ ಇಡಬಾರದೆಡೆ ಇಡುವುದು ಅನಾಭೋಗ. ಆಚಾರ್ಯರ ಕಣ್ಣಮುಂದೆ ಇದ್ದುದು ಕಮಂಡಲು, ಗ್ರಂಥ, ಹಲಗೆ, ಅವುಗಳ ಅಡಿಯಲ್ಲಿ ಸಿಕ್ಕಿ ಸಾಯಬಹುದಾದ ಸಣ್ಣ ಜೀವಿಗಳು. ಇರುವೆಯೊಂದರ ಸಲುವಾಗಿ ಹಲಗೆಯನ್ನು ಇಡುವ ರೀತಿಯನ್ನು ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ತುಂಬಿದ ಕೋವಿಯನ್ನು ಮಂಚದ ಬದಿಗೆ ಒರಗಿಸುವವನಿಗೆ ಏನು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿಯೇ ತೊಡಕು ಇರುವುದು. ಕೋವಿಯನ್ನು ಪ್ರಮಾದವಿಲ್ಲದೆ ಇಡುವುದೆಂದರೆ ಅದನ್ನು ಬರಿದು ಮಾಡಿ ಒಂದು ಬೀಗದಲ್ಲಿ, ತೋಟಾಗಳನ್ನು ಬೇರೊಂದು ಬೀಗದಲ್ಲಿ, ಬೀಗದಕೈಗಳನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡುವುದು. ಆದರೆ ಬಾಗಿಲು ಮುರಿಯುವ ಸದ್ದಿಗೆ ಎಚ್ಚೆತ್ತ ಎಪ್ಪತ್ತು ವರ್ಷದ ಯಜಮಾನರು ಎರಡು ಬೀಗ ತೆಗೆದು, ಕನ್ನಡಕ ಹುಡುಕಿ, ನಳಿಗೆಗೆ ತೋಟಾ ತುಂಬುವಷ್ಟರಲ್ಲಿ ಕಳ್ಳನು ಕೋಣೆಯೊಳಗೇ ಇರುತ್ತಾನೆ. ರಾತ್ರಿಯ ರಕ್ಷಣೆಗೆ ಒದಗಬೇಕಾದ ಕೋವಿ ತುಂಬಿರಬೇಕು, ಕೈಗೆಟುಕುವಂತಿರಬೇಕು, ಕತ್ತಲಲ್ಲಿ ತಡವಿದರೆ ಸಿಗುವಂತಿರಬೇಕು. ಎಂದರೆ ಶಾಸ್ತ್ರವು ದೋಷವೆಂದು ಎಣಿಸಿದ ರೀತಿಯಲ್ಲಿಯೇ ಇರಬೇಕು. ಎಚ್ಚರದಿಂದ ಇಟ್ಟ ಕೋವಿ ರಕ್ಷಿಸಲಾರದು. ರಕ್ಷಿಸಬಲ್ಲ ಕೋವಿಯನ್ನು ಎಚ್ಚರದಿಂದ ಇಡಲಾಗದು. ಪಿಸ್ತೂಲು, ರಿವಾಲ್ವರುಗಳಿಗೂ ಇದು ತಪ್ಪಿದ್ದಲ್ಲ. ಅವು ಚಿಕ್ಕವಾದ್ದರಿಂದ ದಿಂಬಿನಡಿಗೂ ಮೇಜಿನ ಖಾನೆಗೂ ಹೊಂದುತ್ತವೆ, ಮಗುವಿನ ಅಂಗೈಗೂ ಹೊಂದುತ್ತವೆ.

ಮಲೆನಾಡಿನ ಕೇಪಿನ ಕೋವಿಯದು ಇನ್ನೂ ಒಂದು ವಿಶೇಷ. ಬಾಯಿಯ ಕಡೆಯಿಂದ ಮದ್ದು, ನಾರು, ಚರೆಗಳನ್ನು ಸಲಾಕೆಯಿಂದ ಜಡಿದು ತುಂಬಿದ ಮೇಲೆ ಹಾರಿಸದೆ ಅದನ್ನು ಬರಿದು ಮಾಡುವುದು ರಗಳೆಯ ಕೆಲಸ. ರಾತ್ರಿಯೆಲ್ಲ ಗದ್ದೆ ಕಾದು ಬೆಳಗಿನ ಜಾವ ಬಂದವನು ಕೇಪನ್ನು ಕಿತ್ತು ಕಿಸೆಗೆ ಹಾಕಿಕೊಂಡು, ತುಂಬಿದ ಕೋವಿಯನ್ನು ಹಾಗೆಯೇ ಗೂಟಕ್ಕೆ ತೂಗಿಬಿಡುತ್ತಾನೆ. ನೋಡಿದವರಿಗೆ ಅದು ತುಂಬಿದೆಯೋ ಬರಿದೋ ತಿಳಿಯದು. ಮರುದಿನ ಅವನಿಗೇ ನೆನಪಿಲ್ಲದಿರಬಹುದು. ಅನಾಭೋಗ ನಿಕ್ಷೇಪಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

ಇನ್ನು, ರಾತ್ರಿ ಬಾಗಿಲ ಬಳಿ ಬರುವವನು ಯಾರು? ಕಳ್ಳನೇ ಆಗಬೇಕೆಂದಿಲ್ಲ. ಬೆಂಗಳೂರಿನ ಕೊನೆಯ ಬಸ್ಸು ತಡವಾಗಿ ನಡೆದು ಬಂದ ಮಗನಿರಬಹುದು. ಹೆಂಡತಿಗೆ ಹೆರಿಗೆನೋವೆಂದು ಜೀಪು ಕೇಳಲು ಬಂದ ಕೂಲಿಯವನಿರಬಹುದು. ಹತ್ತಿರದಲ್ಲಿ ತುಂಬಿದ ಕೋವಿಯಿದ್ದಾಗ ಇವರನ್ನು ಗುರುತಿಸಲು ಬೇಕಾದ ಕಾಲ ಕುಗ್ಗುತ್ತದೆ. ಅಮೆರಿಕದ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವು ಮನೆಯಲ್ಲಿ ಬಂದೂಕು ಇರುವುದಕ್ಕೂ ಆ ಮನೆಯಲ್ಲಿ ಕೊಲೆಯಾಗುವುದಕ್ಕೂ ಸಂಬಂಧವನ್ನು ಕಂಡಿತು, ಸಂಭವ 2.7 ಪಟ್ಟು ಅಧಿಕ. ಆ ಹೆಚ್ಚಳ ಬಹುಮಟ್ಟಿಗೆ ಮನೆಯವರ ಅಥವಾ ಆಪ್ತ ಪರಿಚಿತರ ಕೈಯಿಂದಾದ ಕೊಲೆಗಳದು. ಭಯವಿದ್ದ ಮನೆಯವರೇ ಬಂದೂಕು ಕೊಂಡಿರಬಹುದೆಂಬ ಆಕ್ಷೇಪ ಅದಕ್ಕೆ ಬಂದಿತು, ಆಕ್ಷೇಪ ನ್ಯಾಯವಾದುದೇ. ಆದರೆ ಕ್ಯಾಲಿಫೋರ್ನಿಯದ ಎರಡೂವರೆ ಕೋಟಿಗೂ ಮಿಕ್ಕಿದ ವಯಸ್ಕರನ್ನು ಕುರಿತು 2020ರಲ್ಲಿ ಬಂದ ಮತ್ತೊಂದು ಅಧ್ಯಯನವು ಪಿಸ್ತೂಲು, ರಿವಾಲ್ವರು ಉಳ್ಳ ಗಂಡಸರು ಬಂದೂಕಿನಿಂದ ತಮ್ಮ ಪ್ರಾಣವನ್ನೇ ತೆಗೆದುಕೊಳ್ಳುವ ಸಂಭವ ಇತರರಿಗಿಂತ ಸುಮಾರು ಎಂಟು ಪಟ್ಟು ಹೆಚ್ಚೆಂದು ತೋರಿಸಿತು. ದೇಶ ಬೇರೆ, ಜನ ಬೇರೆ. ಆದರೂ ಸಾಲವೂ ಕೊಳೆರೋಗವೂ ಒಟ್ಟಿಗೆ ಬಂದ ವರ್ಷದಲ್ಲಿ ಮನೆಯ ಯಾರಿಗೋ ಒಂದು ಕೆಟ್ಟ ರಾತ್ರಿ ಕಳೆಯಲು ಸ್ವಲ್ಪ ಕಾಲಾವಕಾಶ ಬೇಕಾಗುತ್ತದೆ. ಬೀಗವು ಕೊಡುವುದು ಆ ಕಾಲವನ್ನೇ.

ಹೊರಗಿನ ಅಪಾಯದ ಮಾತು ಇಷ್ಟು. ಒಳಗಿನದೂ ಒಂದಿದೆ. ಅನರ್ಥದಂಡಗಳಲ್ಲಿ ಅಪಧ್ಯಾನವೆಂಬುದು ಪರರ ವಧಬಂಧನಗಳನ್ನು ಮನಸ್ಸಿನಲ್ಲಿ ನೆನೆಯುವುದು. ಕೋವಿಯನ್ನು ಬದಿಗಿಟ್ಟು ಮಲಗಿದವನು ಬಾರದ ಕಳ್ಳನನ್ನು ಎಷ್ಟು ಸಲ ಹೊಡೆದು ಕೆಡವುವುದಿಲ್ಲ! ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಕತ್ತಿಗೆ ಸಿಕ್ಕಿದ್ದು ಹಿಟ್ಟಿನ ಕೋಳಿ. ಸಂಕಲ್ಪವು ಮಾತ್ರ ಹಿಟ್ಟಿನದಾಗಿರಲಿಲ್ಲ, ಅದರ ಫಲವಾಗಿ ರಾಜನೂ ತಾಯಿಯೂ ಜನ್ಮಜನ್ಮಗಳಲ್ಲಿ ಅಲೆದರು. ವಿರೋಧೀ ಹಿಂಸೆಗೆಂದು ತಂದ ಆಯುಧವು ಪ್ರತಿರಾತ್ರಿ ಸಂಕಲ್ಪದ ಅಭ್ಯಾಸ ಮಾಡಿಸುತ್ತಿದ್ದರೆ ಆ ನಾಲ್ಕರ ವಿಂಗಡಣೆ ಯಾವ ಪ್ರಯೋಜನಕ್ಕೆ ಬಂತು?

ಹಾಗೆಂದು ಕೋವಿಯನ್ನು ಬೀಗದಲ್ಲಿಟ್ಟವನಿಗೆ ಅಪಾಯವೇ ಇಲ್ಲವೆಂದು ಹೇಳುವುದು ವಂಚನೆಯಾದೀತು. ಪೊಲೀಸ್ ಠಾಣೆ ದೂರ; ಮಳೆಗಾಲದಲ್ಲಿ ಮರ ಬಿದ್ದರೆ ದೂರವಾಣಿಯೂ ಇಲ್ಲ. ಮಚ್ಚು ಹಿಡಿದು ಬಂದವನೆದುರು ಬರಿಗೈಯಲ್ಲಿ ನಿಲ್ಲಬೇಕಾದ ಸಂದರ್ಭ ಬಂದರೂ ಬಂದೀತು. ಆ ನಷ್ಟವನ್ನು ಒಪ್ಪಿಕೊಂಡೇ ಆರಿಸಬೇಕು. ಕಡಿಮೆ ಮಾಡಲು ಸಾಧ್ಯವಿರುವುದು ಕಳ್ಳನನ್ನು ಕರೆಯುವ ವಸ್ತುವನ್ನು. ಪರಿಗ್ರಹ ಪರಿಮಾಣ ವ್ರತಕ್ಕೆ ಇಲ್ಲಿ ತೀರ ಲೌಕಿಕವಾದ ಉಪಯೋಗವೊಂದಿದೆ: ಬೆಲೆ ಏರಲೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿಸುವ ಮೂಟೆಗಳನ್ನು ಮ್ಯಾಮ್ಕೋಸ್‌ನಂತಹ ಸಹಕಾರ ಸಂಘಕ್ಕೆ ಸಾಗಿಸಿದರೆ ಒಂಟಿ ಮನೆಯಲ್ಲಿ ಕದಿಯುವಂತಹುದು ಅಷ್ಟಾಗಿ ಉಳಿಯುವುದಿಲ್ಲ. ಅಂಗಳದ ದೀಪ, ನಾಯಿ, ಗಟ್ಟಿ ಅಗಳಿ, ನೆರೆಮನೆಯವರೊಡನೆ ಮಾತು ಬಿಡದಿರುವಿಕೆ ಇವು ಹಳೆಯವು, ಇವುಗಳಿಂದ ಮಗು ಸಾಯುವುದಿಲ್ಲ. ಚುನಾವಣೆ ಘೋಷಣೆಯಾದಾಗ ಆಡಳಿತದ ಆದೇಶದಂತೆ ಪರವಾನಗಿಯ ಕೋವಿಗಳು ಠಾಣೆ ಸೇರುತ್ತವೆ. ಮತ ಎಣಿಕೆ ಮುಗಿಯುವವರೆಗೆ ಆ ಮನೆಗಳು ಇವುಗಳನ್ನೇ ನೆಚ್ಚಿಕೊಂಡಿರುತ್ತವೆ.

ಇನ್ನೊಂದು ನಿಕ್ಷೇಪವಿದೆ, ಅದರ ವಿಚಾರವನ್ನು ಯಾರೂ ಅಷ್ಟಾಗಿ ಮಾಡುವುದಿಲ್ಲ. 2016ರ ಆಯುಧ ನಿಯಮಗಳಂತೆ ಪರವಾನಗಿದಾರನಿಗೆ 70 ವರ್ಷ ತುಂಬಿದಾಗ, ಅಥವಾ ಅವನು 25 ವರ್ಷ ಆಯುಧವನ್ನು ಇಟ್ಟುಕೊಂಡಿದ್ದಾಗ, ಅದನ್ನು ಉತ್ತರಾಧಿಕಾರಿಗೆ ವರ್ಗಾಯಿಸಲು ಅವಕಾಶವುಂಟು. ತಂದೆಯು ಅರ್ಜಿಗೆ ಸಹಿ ಹಾಕಿ ಮಗನ ಕೈಗೆ ಕೋವಿ ಇಡುತ್ತಾನೆ. ಶ್ರಾವಕಾಚಾರಗಳು ಹಿಂಸೆಯ ಉಪಕರಣಗಳನ್ನು ಮತ್ತೊಬ್ಬರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿವೆ. ಮಗನಿಗೆ ಕೊಟ್ಟದ್ದು ದಾನವೇ, ಆಸ್ತಿಯ ವಿಭಾಗವೇ ಎಂಬ ವಾದ ಹೂಡಬಹುದು. ಬೆಂಗಳೂರಿನಲ್ಲಿರುವ ಮಗ ಕೋವಿ ಹಿಡಿದದ್ದು ಬಾಲ್ಯದಲ್ಲಿ ಒಮ್ಮೆ. ತೋಟಕ್ಕೆ ಬರುವುದು ದೀಪಾವಳಿಗೆ, ತನ್ನ ಎರಡು ಮಕ್ಕಳೊಡನೆ. ಅರ್ಜಿಯಲ್ಲಿ ಆಯುಧ ಏಕೆ ಬೇಕೆಂದು ಬರೆಯುವಾಗ ಬೆಳೆ ಎಂದು ಬರೆಯಬೇಕೋ ಪ್ರಾಣ ಎಂದು ಬರೆಯಬೇಕೋ ಎಂಬುದನ್ನು ತಂದೆ ಮಗ ಇಬ್ಬರೂ ಕುಳಿತು, ಸಹಿಗೆ ಮುಂಚೆ, ಮಾತಾಡಿಕೊಳ್ಳಬೇಕಾಗುತ್ತದೆ.