ಎದುರು ಮಾತಿಗೊಂದು ಜಾಗ

ಕಲಬುರಗಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಒಂದು ಅಡಿಟಿಪ್ಪಣಿಯಲ್ಲಿ ನನಗೆ ‘ಫಾಯ್ನ್’ ಎಂಬ ಪದ ಸಿಕ್ಕಿತು. ಕತ್ತಿಯ ಮೊನೆಯಿಂದ ತಿವಿಯುವುದಕ್ಕೆ ಆಗಿನ ಇಂಗ್ಲಿಷಿನಲ್ಲಿದ್ದ ಹೆಸರು ಅದು. ನಾಲ್ಕನೆಯ ಅಂಕದಲ್ಲಿ, ಕಣ್ಣು ಕಳೆದುಕೊಂಡ ಮುದುಕ ಗ್ಲಾಸ್ಟರನನ್ನು ಕೊಲ್ಲಲು ಆಸ್ವಾಲ್ಡ್ ಕತ್ತಿ ಹಿರಿದು ಬರುತ್ತಾನೆ. ಮುದುಕನ ಮಗ ಎಡ್ಗರ್ ರೈತನ ವೇಷದಲ್ಲಿ, ಹಳ್ಳಿಯ ಮಾತಾಡುತ್ತ, ಕೈಯಲ್ಲೊಂದು ಬಡಿಗೆ ಹಿಡಿದು ಅಡ್ಡ ನಿಲ್ಲುತ್ತಾನೆ. ನಿನ್ನ ಫಾಯ್ನುಗಳಿಗೆ ಸೊಪ್ಪು ಹಾಕುವವನಲ್ಲ ಎಂಬರ್ಥದಲ್ಲಿ ಹೇಳಿ, ಬಡಿಗೆಯಲ್ಲೇ ಅವನನ್ನು ಕೆಡವುತ್ತಾನೆ. ಬಗದಲ್‌ನಿಂದ ಬಂದ ಹುಡುಗನಾಗಿದ್ದ ನನಗೆ ಆ ದೃಶ್ಯ ಬಹಳ ಹಿಡಿಸಿತ್ತು. ತರಗತಿಯಲ್ಲಿ ನನ್ನ ಮಾತಿನ ಧಾಟಿ ಕೇಳಿ ನಗುವವರಿದ್ದರು. ಎಡ್ಗರನ ಜಾಗದಲ್ಲಿ ನಾನು ನನ್ನನ್ನೇ ನಿಲ್ಲಿಸಿಕೊಂಡೆ. ಮುಂದೊಂದು ದಿನ ಕತ್ತಿ ಹಿಡಿದವನ ಜಾಗದಲ್ಲಿ ನಾನೇ ನಿಲ್ಲುತ್ತೇನೆಂದು ಆಗ ಅನ್ನಿಸಿರಲಿಲ್ಲ.

ಫಾಯ್ನ್ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ಅದಕ್ಕೆ ಮೀನು ತಿವಿಯುವ ಕವಲುಗೋಲು ಎಂಬ ಅರ್ಥವಿತ್ತು. ಅದರಾಚೆಗೆ ಲ್ಯಾಟಿನ್ನಿನ ತ್ರಿಶೂಲದ ಹೆಸರಿದೆ. ಮೀನುಗಾರನ ಕೈಯಿಂದ ಸೈನಿಕನ ಕೈಗೆ, ಅಲ್ಲಿಂದ ಕತ್ತಿವರಸೆಯ ಅಖಾಡಕ್ಕೆ ಬಂದು, ಕತ್ತಿ ಹಿಡಿದು ಓಡಾಡುವ ಕಾಲ ಮುಗಿದಂತೆ ಪದವೂ ಸತ್ತಿತು. ಇಂದು ಅದು ಉಳಿದಿರುವುದು ಅಡಿಟಿಪ್ಪಣಿಗಳಲ್ಲಿ.

ಅದೇ ಅಖಾಡದ ಇನ್ನೊಂದು ಪದ ಮಾತ್ರ ಬದುಕಿತು: ‘ರಿಪೋಸ್ಟ್’. ಎದುರಾಳಿಯ ತಿವಿತವನ್ನು ತಡೆದು, ತಕ್ಷಣ ಮರಳಿ ತಿವಿಯುವುದಕ್ಕೆ ಈ ಹೆಸರು. ಇದರ ಮೂಲ ಇಟಾಲಿಯನ್ನಿನ ‘ರಿಸ್ಪೋಸ್ತಾ’. ಅದರ ಅರ್ಥ ಉತ್ತರ, ಅಷ್ಟೇ. ಮಾತಿನ ಲೋಕದ ಪದ ಕತ್ತಿಯ ಲೋಕಕ್ಕೆ ಹೋಗಿ, ಫ್ರೆಂಚಿನ ಮೂಲಕ 18ನೆಯ ಶತಮಾನದ ಆರಂಭಕ್ಕೆ ಇಂಗ್ಲಿಷಿಗೆ ಬಂತು. 19ನೆಯ ಶತಮಾನದಲ್ಲಿ ಮತ್ತೆ ಮಾತಿಗೇ ಮರಳಿ, ಚುರುಕಾದ ಮಾರುತ್ತರ ಎಂಬ ಅರ್ಥ ಪಡೆಯಿತು. ಒಂದು ಬರಿಯ ತಿವಿತದ ಹೆಸರು, ಇನ್ನೊಂದು ಉತ್ತರದ ಹೆಸರು. ಮೊದಲನೆಯದು ಸತ್ತು ಎರಡನೆಯದು ಉಳಿದದ್ದು ಆಕಸ್ಮಿಕವೇ ಇರಬಹುದು. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದಾಗಲೆಲ್ಲ ಈ ಎರಡೂ ಪದಗಳು ನನಗೆ ಒಟ್ಟಿಗೇ ನೆನಪಾಗುತ್ತವೆ.

ಅಂದು ಬಗದಲ್‌ನ ನಮ್ಮ ಮನೆಯಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯಕ್ರಮ. ನಾನು ಬೀದರಿನಲ್ಲಿ ಪಾಠ ಹೇಳುವವನು, ತಮ್ಮ ಹೊಲ ನೋಡಿಕೊಳ್ಳುವವನು. ಆ ವರ್ಷ ಅವನು ಮೂರನೆಯ ಬೋರು ಹೊಡೆಸಿದ್ದ. ಅದರಲ್ಲೂ ನೀರು ಬಿದ್ದಿರಲಿಲ್ಲ. ಊಟವಾದ ಮೇಲೆ ಬೀಗರು ಕೂತಿದ್ದರು, ಬೋರಿನ ಮಾತು ಬಂತು. ನಾನು ಅಂದೆ: “ನಮ್ಮ ತಮ್ಮ ದೊಡ್ಡ ಡಾಕ್ಟರ್ ಇದ್ದಾನ್ರಿ. ಭೂಮಿತಾಯಿಗಿ ಮೂರು ಚುಚ್ಚುಮದ್ದು ಕೊಟ್ಟಾನ. ಆಕಿಗಿ ಅರಾಮ ಆಗಿಲ್ಲ, ಇವಗ ಸಾಲದ ಜ್ವರ ಹತ್ಯಾದ.”

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನಮ್ಮ ಕಡೆ ಜನ ‘ಸೂಜಿ ಮಾಡಿಸೋದು’ ಅನ್ನುತ್ತಾರೆ. ನಾನು ಬೇಕೆಂದೇ ಪುಸ್ತಕದ ಪದ ಹುಡುಕಿ ಆಡಿದ್ದೆ. ಸಂಜೆ ಬೀದರಿಗೆ ಮರಳುವಾಗ ಆ ಮಾತನ್ನು ಬಸ್ಸಿನಲ್ಲಿ ಒಮ್ಮೆ ನೆನೆದು ಒಳಗೊಳಗೇ ಮೆಚ್ಚಿಕೊಂಡೆ ಕೂಡ. ಆಮೇಲೆ ತಮ್ಮ ಫೋನಿನಲ್ಲಿ ‘ಹೂಂ’, ‘ಆಯ್ತು’ ಎಂಬೆರಡು ಮಾತು ಬಿಟ್ಟರೆ ಮೂರನೆಯದು ಆಡದಾದ. ತಿಂಗಳೊಪ್ಪತ್ತು ಕಳೆದು ಊರಿಗೆ ಹೋದಾಗ ಆಯಿಯ ಮುಂದೆ ದೂರು ಹೇಳಿದೆ. ಅವನ ಒಳ್ಳೇದಕ್ಕೇ ಅಂದದ್ದು, ಅಷ್ಟಕ್ಕೇ ಸಿಟ್ಟೇ ಎಂದೆ. ಆಯಿ ಕೇಳಿದಳು: “ಆವತ್ತ ಅಂವ ತಿರುಗಿ ಏನರ ಅಂದನೇನು?” ಇಲ್ಲ ಎಂದೆ. “ಅನ್ಲಿಕ್ಕಿ ನೀ ಎಲ್ಲಿ ಬಿಟ್ಟಿ?”

ನಾನು ಪದಗಳನ್ನೇ ನಂಬಿ ಬದುಕುವವನು. ಆ ರಾತ್ರಿ ನಮ್ಮ ಭಾಷೆಯ ತಿವಿಯುವ ಪದಗಳನ್ನೆಲ್ಲ ಒಂದೊಂದಾಗಿ ನೆನೆದೆ. ಇರಿ, ತಿವಿ, ಚುಚ್ಚು, ಕುಟುಕು, ಮೊನಚು. ಇವುಗಳಲ್ಲಿ ಮಾತಿಗೆ ಅಂಟಿಕೊಳ್ಳದ ಪದ ಒಂದೂ ಇಲ್ಲ. ಎದೆ ಇರಿಯುವ ಮಾತು, ತಿವಿಯುವ ಮಾತು, ಚುಚ್ಚುಮಾತು, ಕುಟುಕುವ ಮಾತು, ಮೊನಚು ಮಾತು. ಆಯುಧ ಕೈಬಿಟ್ಟ ಮೇಲೆ ಅದರ ಹೆಸರನ್ನು ನಾವು ನಾಲಗೆಗೆ ತಂದುಕೊಂಡಿದ್ದೇವೆ.

‘ಇರಿ’ಯ ಚರಿತ್ರೆಯಂತೂ ನಮ್ಮ ನೆಲದ್ದೇ. ಹಳಗನ್ನಡದಲ್ಲಿ ಅದನ್ನು ‘ಇಱಿ’ ಎಂದು, ಈಗ ಬಿಟ್ಟುಹೋಗಿರುವ ಶಕಟರೇಫದಿಂದ ಬರೆಯುತ್ತಿದ್ದರು. ಚುಚ್ಚುವುದು, ಕಾದಾಡುವುದು, ಎರಡೂ ಅದರ ಅರ್ಥ. ದನ ಕಾಯಲು, ಊರು ಉಳಿಸಲು ಹೋರಾಡಿ ಸತ್ತವರ ವೀರಗಲ್ಲುಗಳಲ್ಲಿ ಆ ಪದ ಗೌರವದಿಂದ ನಿಂತಿದೆ. ಕಲ್ಯಾಣ ಚಾಲುಕ್ಯರ ತೈಲಪನ ಮಗ ಸತ್ಯಾಶ್ರಯ 997ರಿಂದ 1008ರವರೆಗೆ ಆಳಿದವನು. ಅವನ ಬಿರುದೇ ‘ಇಱಿವಬೆಡಂಗ’: ಇರಿಯುವುದರಲ್ಲಿ ಬೆಡಗು ಉಳ್ಳವನು. ರನ್ನ ‘ಗದಾಯುದ್ಧ’ದಲ್ಲಿ ಭೀಮನಿಗೆ ಹೋಲಿಸಿ ಹಾಡಿದ್ದು ಇವನನ್ನೇ. ಅವನ ಕಾಲಕ್ಕೆ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ನಮ್ಮ ಜಿಲ್ಲೆಯ ಕಲ್ಯಾಣಕ್ಕೆ ರಾಜಧಾನಿ ಬಂದದ್ದು ಅವನ ನಂತರ. ಇರಿತದಲ್ಲೂ ಸೊಗಸು ಕಂಡ ಆ ಬಿರುದನ್ನು ಓದಿದಾಗ ನನಗೆ ಬಸ್ಸಿನಲ್ಲಿ ನನ್ನ ಮಾತನ್ನು ನಾನೇ ಮೆಚ್ಚಿಕೊಂಡದ್ದು ನೆನಪಾಯಿತು. ಚುಚ್ಚಿದವನಿಗೆ ತನ್ನ ಬೆಡಗು ಕಾಣುತ್ತದೆ, ಚುಚ್ಚಿಸಿಕೊಂಡವನ ಮುಖ ಕಾಣುವುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ವೀರಗಲ್ಲಿನವನು ಆಯುಧ ಹಿಡಿದ ಎದುರಾಳಿಯನ್ನು ಇರಿದ, ತಾನೂ ಇರಿಸಿಕೊಂಡ. ನಾನು ಇರಿದದ್ದು ನಗುವುದನ್ನು ಬಿಟ್ಟು ಬೇರೆ ದಾರಿಯಿಲ್ಲದವನನ್ನು.

ಹಾಗಾದರೆ ಕಟುವಾದದ್ದನ್ನು ಹೇಳಲೇಬಾರದೇ? ಮೂರು ಬೋರು ಸೋತದ್ದು ನಿಜ, ಸಾಲವಾದದ್ದೂ ನಿಜ. ನಿಜಕ್ಕೆ ಮೊನೆ ಇದ್ದೇ ಇರುತ್ತದೆ, ಅದನ್ನು ಮೊಂಡು ಮಾಡಿ ಹೇಳಿದರೆ ಹೇಳಿದಂತಾಗುವುದಿಲ್ಲ ಎಂದು ವಾದಿಸಬಹುದು. ನಾನೂ ಹಾಗೆ ವಾದಿಸಿದ್ದೇನೆ. ಈ ವಾದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ.

ಸತ್ಯಾಶ್ರಯನ ಕಾಲ ಕಳೆದು ಒಂದೂವರೆ ಶತಮಾನವಾದ ಮೇಲೆ ಕಲ್ಯಾಣದಲ್ಲಿ ಶರಣರು ಸೇರಿದರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಅಕ್ಕಮಹಾದೇವಿ ಅಲ್ಲಿಗೆ ಬರುವ ಪ್ರಸಂಗವಿದೆ. ಅಲ್ಲಮಪ್ರಭು ತುಂಬಿದ ಸಭೆಯಲ್ಲಿ ಅವಳನ್ನು ಪ್ರಶ್ನಿಸುತ್ತಾನೆ. ನಿನ್ನ ಗಂಡ ಯಾರು? ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ? ಒಬ್ಬ ಹೆಣ್ಣುಮಗಳಿಗೆ ಇದಕ್ಕಿಂತ ಇರಿಯುವ ಪ್ರಶ್ನೆಗಳಿಲ್ಲ. ನಾನು ಇದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಅಲ್ಲಮ ಕ್ರೂರಿಯಲ್ಲವೇ ಎಂದು ಕೇಳುವವರು ಪ್ರತಿವರ್ಷವೂ ಇರುತ್ತಾರೆ. ಆದರೆ ಪ್ರತಿಯೊಂದು ಪ್ರಶ್ನೆ ಆದಮೇಲೂ ಅಲ್ಲಿ ಮೌನವಾಗಿ ಕಾಯುವ ಒಂದು ಸಭೆ ಇದೆ. ಅಕ್ಕ ಉತ್ತರಿಸುತ್ತಾಳೆ. ಅಲ್ಲಮ ಕೇಳಿಸಿಕೊಳ್ಳುತ್ತಾನೆ, ಮತ್ತೆ ಕೇಳುತ್ತಾನೆ, ಕೊನೆಗೆ ಅವಳ ನಿಲುವಿಗೆ ತಲೆಬಾಗುತ್ತಾನೆ. ಅವನ ಪ್ರಶ್ನೆ ಅವಳನ್ನು ಸುಮ್ಮನಾಗಿಸಲು ಕೇಳಿದ್ದಲ್ಲ. ಅವಳ ಉತ್ತರ ನಮಗಿಂದು ದೊರೆತಿರುವುದೇ ಆ ಪ್ರಶ್ನೆಯಿಂದ. ಅನುಭವ ಮಂಟಪ ಎಂಬ ಹೆಸರಿನಲ್ಲಿ ನಾವು ನೆನೆಯುವುದು ಉತ್ತರಕ್ಕೆ ಹೀಗೆ ಬಿಟ್ಟುಕೊಟ್ಟ ಜಾಗವನ್ನೇ ಎಂದು ನನಗೆ ತೋರುತ್ತದೆ.

ಇದಕ್ಕೆ ವಿರುದ್ಧವಾದದ್ದೂ ಬೀದರಿನ ಚರಿತ್ರೆಯಲ್ಲೇ ಇದೆ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ಇರಾನಿನ ಗೀಲಾನ್ ಸೀಮೆಯಿಂದ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. ಅವನಿಗಾಗದವರು ಅವನ ಮುದ್ರೆಯಿದ್ದ ಕಾಗದದ ಮೇಲೆ ಒಡಿಶಾದ ರಾಜನಿಗೆ ಒಂದು ಸುಳ್ಳು ಪತ್ರ ಬರೆದರು: ಬಂದು ದಂಡೆತ್ತು ಎಂದು. ಅದನ್ನು ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮುಹಮ್ಮದನ ಕೈಗೆ ತಲುಪಿಸಿದರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಗವಾನ್ ಹೇಳಿದನೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಕೇಳುವ ಕಿವಿ ಅಲ್ಲಿರಲಿಲ್ಲ. 1481ರಲ್ಲಿ ಗವಾನನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಆ ಪತ್ರದಲ್ಲಿದ್ದವು ಬರಿಯ ಅಕ್ಷರಗಳು. ಆದರೆ ಉತ್ತರಕ್ಕೆ ಎಡೆಯಿಲ್ಲದಂತೆ ಬರೆದ ಅಕ್ಷರ ಕತ್ತಿಗಿಂತ ಬೇರೆಯಾಗಿರಲಿಲ್ಲ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭವಾನಿ ದೇವಿ ಭಾರತದ ಪರವಾಗಿ ಮೊದಲ ಬಾರಿಗೆ ಕತ್ತಿವರಸೆಗೆ ಇಳಿದಾಗ ನಾನು ಆ ಆಟವನ್ನು ಗಮನವಿಟ್ಟು ನೋಡಿದೆ. ಇಬ್ಬರೂ ಒಬ್ಬರಿಗೊಬ್ಬರು ವಂದಿಸುತ್ತಾರೆ, ಇಬ್ಬರ ಮುಖಕ್ಕೂ ಜಾಲರಿಯ ಮುಸುಕು, ಇಬ್ಬರ ಕೈಯಲ್ಲೂ ಒಂದೇ ಅಳತೆಯ ಆಯುಧ. ರಿಪೋಸ್ಟ್ ಎಂಬ ಪದ ಮಾತಿಗೆ ಬಂದಾಗ ತಿವಿತ ಮಾತ್ರ ಬಂತು; ವಂದನೆ, ಮುಸುಕು, ಸಮನಾದ ಆಯುಧ ಅಖಾಡದಲ್ಲೇ ಉಳಿದವು. ನಮ್ಮ ಮನೆಗಳಲ್ಲಂತೂ ಇದು ಇನ್ನೂ ಕಠಿಣ. ಕಿರಿಯರಿಗೆ ನಾವು ಮೊದಲು ಕಲಿಸುವ ಶಿಸ್ತೇ ‘ಎದುರು ಮಾತಾಡಬ್ಯಾಡ’ ಎಂಬುದು. ಅಣ್ಣನಿಗೆ ತಮ್ಮ, ಅತ್ತೆಗೆ ಸೊಸೆ, ಮೇಷ್ಟರಿಗೆ ಹುಡುಗ ತಿರುಗಿ ಮಾತಾಡಬಾರದು. ಒಬ್ಬರ ಕೈ ಕಟ್ಟಿ ಇನ್ನೊಬ್ಬರ ಕೈಗೆ ಕತ್ತಿ ಕೊಟ್ಟು, ಅದಕ್ಕೆ ಗೌರವ ಎಂದು ಹೆಸರಿಟ್ಟಿದ್ದೇವೆ. ಕೆಳಗಿನವನು ಮೇಲಿನವನನ್ನು ತಿವಿದರೆ ಮೇಲಿನವನಿಗೆ ನೂರು ಉತ್ತರಗಳಿರುತ್ತವೆ. ಎಡ್ಗರನ ಬಡಿಗೆ ನನಗೆ ಇಂದಿಗೂ ತಪ್ಪೆನಿಸದಿರುವುದು ಅದಕ್ಕೇ.

ಇನ್ನು ನಾನು ತಮ್ಮನ ಮೇಲೆ ಎಸೆದ ಪದಕ್ಕೇ ಬರುತ್ತೇನೆ. ಕನ್ನಡದಲ್ಲಿ ‘ಚುಚ್ಚು’ ಎಂಬುದಕ್ಕೆ ಎರಡು ಮಕ್ಕಳು: ಚುಚ್ಚುಮಾತು, ಚುಚ್ಚುಮದ್ದು. ಚುಚ್ಚುಮಾತು ಆಡಿದವರೆಲ್ಲ ತಾವು ಕೊಟ್ಟದ್ದು ಚುಚ್ಚುಮದ್ದು ಎಂದೇ ಹೇಳುತ್ತೇವೆ. ‘ನಿನ್ನ ಒಳ್ಳೇದಕ್ಕೇ ಹೇಳಿದೆ’ ಎಂಬ ವಾಕ್ಯದ ಅರ್ಥ ಅದೇ. ಕೋವಿಡ್ ಲಸಿಕೆಯ ದಿನಗಳನ್ನು ನೆನಪಿಸಿಕೊಳ್ಳಿ. ನರ್ಸಮ್ಮ ಮೊದಲು ಕೇಳುತ್ತಿದ್ದಳು, ಬೇರೆ ಕಾಯಿಲೆ ಏನಾದರೂ ಇದೆಯೇ ಎಂದು. ತೋಳು ಮೇಲೇರಿಸಲು ಹೇಳುತ್ತಿದ್ದಳು. ಅಳತೆ ನೋಡಿ ಕೊಡುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಚುಚ್ಚಿದ ಮೇಲೆ ಅರ್ಧ ತಾಸು ಅಲ್ಲೇ ಕೂರಿಸುತ್ತಿದ್ದರು, ಮೈ ಏನು ಹೇಳುತ್ತದೆ ನೋಡೋಣ ಎಂದು. ಆ ಅರ್ಧ ತಾಸು ಇಲ್ಲದಿದ್ದರೆ ಅದು ಮದ್ದಲ್ಲ. ನಾನು ಬೀಗರ ಮುಂದೆ ಚುಚ್ಚಿದೆ, ನಗು ಎಣಿಸಿಕೊಂಡೆ, ಬಸ್ಸು ಹತ್ತಿದೆ.

ತೊಗರಿ ಹೂ ಬಿಟ್ಟ ಕಾಲಕ್ಕೆ ನಾನು ಹೊಲಕ್ಕೆ ಹೋದೆ. ತಪ್ಪಾಯಿತು ಎಂದು ಹೇಳಲು ಒಂದು ಒಳ್ಳೆಯ ಮಾತನ್ನು ದಾರಿಯುದ್ದಕ್ಕೂ ಕಟ್ಟುತ್ತಿದ್ದೆ. ಬದುವಿನ ಮೇಲೆ ಕೂತಾಗ ಅದನ್ನು ಆಡದೆ, “ಆವತ್ತ ನಿನಗ ಏನು ಅನ್ಬೇಕಂತಿತ್ತು, ಈಗ ಅನ್ನು” ಎಂದೆ. ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: “ನೀ ಅಂದದ್ದು ಸುಳ್ಳಲ್ಲ ಅಣ್ಣಾ. ಮೂರೂ ಬೋರು ಫೇಲ್ ಆಗ್ಯಾವ. ಮೊದಲನೇದು ಯಾವಾಗ ಹೊಡಿಸಿದ್ದು ಗೊತ್ತದೇನು? ನೀ ಬೀದರದಾಗ ಮನಿ ಕಟ್ಲತ್ತಿದ್ದಿ. ಅಪ್ಪ ನಿನಗ ರೊಕ್ಕ ಕೊಟ್ಟ, ನನಗ ಹೊಲ ಕೊಟ್ಟ. ನೀರಿಲ್ಲದ ಹೊಲದಾಗ ರೊಕ್ಕ ಬೆಳಿತದೇನು? ಅದ್ಕ ಸಾಲ ಮಾಡ್ದೆ. ಆವತ್ತ ಬೀಗರ ಮುಂದ ಇದು ಅಂದಿದ್ರ, ಅಣ್ಣಗ ಎದುರ ಮಾತಾಡ್ದ ಅಂತ ನನ್ನ ಹೆಸರೂ ಕೆಡ್ತಿತ್ತು, ನಿಂದೂ ಕೆಡ್ತಿತ್ತು. ಅದ್ಕ ನಕ್ಕೆ.”

ನನ್ನ ನಾಲಗೆಯ ತುದಿಗೆ ಮೂರು ಉತ್ತರಗಳು ಬಂದಿದ್ದವು. ಇಪ್ಪತ್ತು ವರ್ಷದ ಮೇಷ್ಟರಿಕೆಯ ಅಭ್ಯಾಸ. ಅಪ್ಪ ಕೊಟ್ಟ ರೊಕ್ಕ ಎಷ್ಟು, ಅದರಲ್ಲಿ ಮರಳಿಸಿದ್ದು ಎಷ್ಟು, ಎಲ್ಲ ಲೆಕ್ಕವೂ ನನ್ನ ಬಳಿ ಇತ್ತು. ಆಡಲಿಲ್ಲ. ಅಂದು ಮಾತಿನ ಸರದಿ ಅವನದಾಗಿತ್ತು. ಹೊತ್ತು ಮುಳುಗುವವರೆಗೆ ಅಲ್ಲೇ ಕೂತಿದ್ದೆವು. ಅವನು ಇನ್ನೂ ಕೆಲವು ಮಾತು ಹೇಳಿದ. ಅವೆಲ್ಲ ಇಲ್ಲಿ ಬರೆಯುವಂಥವಲ್ಲ.

ಈಗ ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಸಾಲ ತೀರಿಲ್ಲ, ನೀರೂ ಬಿದ್ದಿಲ್ಲ. ಹೋದ ತಿಂಗಳು ಮನೆ ತುಂಬ ನೆಂಟರಿದ್ದಾಗ ನಾನು ಎಮ್ಮೆಗೆ ಮೇವು ಹಾಕಲು ಹೋಗಿ, ಅದು ತಲೆ ಕೊಡವಿದ್ದಕ್ಕೆ ಹಿಂದಕ್ಕೆ ಹಾರಿದೆ. ತಮ್ಮ ಎಲ್ಲರಿಗೂ ಕೇಳುವಂತೆ ಅಂದ: “ಸರ್, ಎಮ್ಮಿಗಿ ಇಂಗ್ಲಿಷ್ ಬರಲ್ಲ, ಕನ್ನಡದಾಗ ಮಾತಾಡ್ರಿ.” ಜನ ಬಿದ್ದು ಬಿದ್ದು ನಕ್ಕರು. ಆಯಿ ಬಾಗಿಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ತಮ್ಮ ಅಲ್ಲಿಂದ ಎದ್ದು ಹೋಗಲಿಲ್ಲ. ಕೈಯಲ್ಲಿ ಮೇವಿನ ಕಟ್ಟು ಹಿಡಿದು, ನಾನು ತಿರುಗಿ ಏನನ್ನುತ್ತೇನೆಂದು ಕಾಯುತ್ತ ನಿಂತಿದ್ದ.